ವಿಡಾಲ್ ಪಾಸಿಟಿವ್ ಬಂದ ಮಾತ್ರಕ್ಕೆ ಟೈಫಾಯ್ಡ್ ಅಲ್ಲ

ಪ್ರಶ್ನೆ: ಒಂದು ವರ್ಷದಲ್ಲಿ ನನಗೆ ನಾಲ್ಕು ಬಾರಿ ಟೈಫಾಯ್ಡ್ ಬಂದಿದೆ. ಇಂಜೆಕ್ಷನ್ ಕೋರ್ಸ್ ಮುಗಿಸಿದರೂ ವಿಡಾಲ್ ರಕ್ತಪರೀಕ್ಷೆಯ ವರದಿಯಲ್ಲಿ ಇನ್ನೂ 1:160 ಎಂದೇ ಇದೆ. ಟೈಫಾಯ್ಡ್ ರಕ್ತದಲ್ಲಿಯೇ ಉಳಿದುಬಿಟ್ಟಿದೆಯೇ?

ಉತ್ತರ: ಕಳಿಸುವವರ ಊರಷ್ಟೇ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಬಾರಿ ಹೆಚ್ಚಿನ ಜಾಗವನ್ನು ಇದಕ್ಕೇ ಕೊಡುತ್ತೇನೆ. ನಿಮಗೆ ನಾಲ್ಕು ಬಾರಿ ಜ್ವರ ಬಂದಿದ್ದನ್ನು ನಂಬುತ್ತೇನೆ. ನಾಲ್ಕೂ ಬಾರಿ ಅದು ಟೈಫಾಯ್ಡೇ ಆಗಿತ್ತು ಎಂಬುದನ್ನು ಬರೀ ವಿಡಾಲ್ ವರದಿಯ ಮೇಲೆ ನಂಬಲಾರೆ. 1896ರಲ್ಲಿ ಫ್ರಾನ್ಸಿನ ವೈದ್ಯ ಫೆರ್ನಾಂಡ್ ವಿಡಾಲ್ ಬಳಕೆಗೆ ತಂದ ಈ ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳನ್ನು. ನಿಮ್ಮ ವರದಿಯ 1:160 ಆ ಪ್ರತಿಕಾಯಗಳ ಪ್ರಮಾಣವನ್ನು ಹೇಳುವ ಅಂಕಿ. ಹಿಂದೆಂದೋ ತಗುಲಿದ ಸೋಂಕಿನ ಪ್ರತಿಕಾಯಗಳು ತಿಂಗಳುಗಟ್ಟಲೆ ಉಳಿಯುತ್ತವೆ, ಬೇರೆ ಜ್ವರಗಳಲ್ಲಿಯೂ ಏರಬಹುದು, ನಮ್ಮಂಥ ದೇಶದಲ್ಲಿ ಆರೋಗ್ಯವಂತರಲ್ಲಿಯೂ ಇರುತ್ತವೆ. ಆದರೆ ನಿಜವಾದ ಟೈಫಾಯ್ಡಿನ ಮೊದಲ ವಾರದಲ್ಲಿ ಕಾಣಿಸದೆಯೂ ಹೋಗಬಹುದು. ಹೀಗಿರುವಾಗ ಗುಣವಾಯಿತೇ ಎಂದು ತಿಳಿಯಲು ವಿಡಾಲ್ ಮಾಡಿಸುವುದು ಹಣ ಕಳೆದುಕೊಳ್ಳುವ ಕೆಲಸ. ಟೈಫಾಯ್ಡಿನ ರೋಗಾಣು ಕೆಲವರಲ್ಲಿ ವರ್ಷಗಟ್ಟಲೆ ಅಡಗಿರುವುದುಂಟು. ಅದು ಸಾಮಾನ್ಯವಾಗಿ ಪಿತ್ತಕೋಶದಲ್ಲಿಯೇ ಹೊರತು ರಕ್ತದಲ್ಲಲ್ಲ, ಅಂಥವರಿಗೆ ಜ್ವರವೂ ಇರುವುದಿಲ್ಲ.

ನನಗೆ ಸಿಟ್ಟು ಬರುವುದು ಪರೀಕ್ಷೆಯ ಮೇಲಲ್ಲ. ಅದನ್ನು ನೋಡಿದ ಕೂಡಲೇ ಮುಂದಿನ ಹುಡುಕಾಟವನ್ನು ನಿಲ್ಲಿಸಿಬಿಡುವವರ ಮೇಲೆ. ಹೊಲದಲ್ಲಿ ದುಡಿಯುವ ಮಹಿಳೆಯೊಬ್ಬರಿಗೆ ವಿಡಾಲ್ ನಂಬಿ ಒಂದು ವಾರ ಟೈಫಾಯ್ಡಿಗೆ ಕೊಡುವ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟಿದ್ದರು. ಏದುಸಿರು ಬಿಡುತ್ತಾ ನಮ್ಮಲ್ಲಿಗೆ ಬಂದಾಗ ಅವರ ಕಂಕುಳಲ್ಲಿ ಬೀಡಿಯಿಂದ ಸುಟ್ಟಂತಹ ಕಪ್ಪು ಕಲೆಯಿತ್ತು. ಅದು ಸ್ಕ್ರಬ್ ಟೈಫಸ್, ಪೊದೆಗಳಲ್ಲಿರುವ ನುಸಿಯ ಮರಿ ಕಚ್ಚಿ ಬರುವ ಜ್ವರ. ಅದಕ್ಕೆ ಸೆಫ್ಟ್ರಿಯಾಕ್ಸೋನ್ ನಾಟುವುದಿಲ್ಲ, ಅಗ್ಗದ ಡಾಕ್ಸಿಸೈಕ್ಲಿನ್ ನಾಟುತ್ತದೆ. ಅವರು ಬದುಕಿದರು. ಅಂದಿನಿಂದ ಐದು ದಿನ ದಾಟಿದ ಯಾವ ಜ್ವರದಲ್ಲಿಯೂ ಕಂಕುಳು, ಸೊಂಟ, ತೊಡೆಸಂದುಗಳನ್ನು ನೋಡದೆ ನಾನು ಔಷಧ ಬರೆಯುವುದಿಲ್ಲ.

ನಿಮಗೆ ಮತ್ತೆ ಜ್ವರ ಬಂದರೆ ಆ್ಯಂಟಿಬಯೋಟಿಕ್ಕಿನ ಮೊದಲ ಡೋಸಿಗೂ ಮುನ್ನ ಬ್ಲಡ್ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ, ಜೊತೆಗೆ ಮಲೇರಿಯಾ, ಡೆಂಗಿ, ಸ್ಕ್ರಬ್ ಟೈಫಸ್ ಪರೀಕ್ಷೆಗಳನ್ನೂ ಕೇಳಿ. ತೂಕ ಇಳಿಯುತ್ತಿದ್ದರೆ ಕ್ಷಯವನ್ನು ಮರೆಯಬೇಡಿ. ಕಲ್ಚರ್ ವರದಿಗೆ ಕೆಲವು ದಿನ ಕಾಯಬೇಕು, ಅದೂ ಕೆಲವರಲ್ಲಿ ರೋಗವನ್ನು ಹಿಡಿಯದೆ ಹೋಗುತ್ತದೆ. ಆದರೆ ರೋಗಾಣು ಬೆಳೆದರೆ ಯಾವ ಔಷಧ ನಾಟುತ್ತದೆ ಎಂಬುದನ್ನೂ ಅದೇ ಹೇಳುತ್ತದೆ. ಒಂದು ಕಾಲದಲ್ಲಿ ಎಲ್ಲರೂ ಬರೆಯುತ್ತಿದ್ದ ಸಿಪ್ರೊಫ್ಲಾಕ್ಸಾಸಿನ್ ಇಂದು ನಮ್ಮ ದೇಶದ ಬಹುಪಾಲು ಟೈಫಾಯ್ಡಿಗೆ ಕೆಲಸಕ್ಕೆ ಬಾರದು. ಸರಿಯಾದ ಔಷಧ ಕೊಟ್ಟರೂ ಜ್ವರ ಇಳಿಯಲು 4ರಿಂದ 6 ದಿನ ಹಿಡಿಯುತ್ತದೆ, ಆದ್ದರಿಂದ ಮೂರನೆಯ ದಿನವೇ ಡಾಕ್ಟರನ್ನು ಬದಲಿಸಬೇಡಿ.

ಪ್ರಶ್ನೆ: ಡೆಂಗಿಯಲ್ಲಿ ಪ್ಲೇಟ್‌ಲೆಟ್ ಏರಲು ಪಪ್ಪಾಯ ಎಲೆಯ ರಸ ಕುಡಿಯಬಹುದೇ?

ಉತ್ತರ: ಬೇಡ, ಜ್ವರ ಬಿಡುವ ಹೊತ್ತಿನಲ್ಲಿ ಹೊಟ್ಟೆನೋವು, ವಾಂತಿ ಬಂದರೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಿನ್ನೆ ನಾಯಿ ಕಚ್ಚಿತು. ಊರಿನಲ್ಲಿ ಸೊಪ್ಪಿನ ಔಷಧಿ ಕಟ್ಟಿದ್ದಾರೆ, ಲಸಿಕೆಯೂ ಬೇಕೇ?

ಉತ್ತರ: ಸೊಪ್ಪನ್ನು ತೆಗೆದು, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಗಾಯ ತೊಳೆದು, ಲಸಿಕೆಗೆ ಈಗಲೇ ಹೊರಡಿ.