ಪೊಟ್ಯಾಸಿಯಂನ ಹತ್ತೊಂಬತ್ತನೇ ಚುಕ್ಕಿ

ಈ ಸಲ ಬಂದ ಕಾಗದಗಳಲ್ಲಿ ಐದು ಒಂದೇ ವಿಷಯದವು: ಪರಮಾಣುವಿನ ಚಿತ್ರ. ನಡುವೆ ನ್ಯೂಕ್ಲಿಯಸ್, ಸುತ್ತ ಉಂಗುರ (ಅದೇ ಕವಚ), ಉಂಗುರದ ಮೇಲೆ ಚುಕ್ಕಿ (ಅದೇ ಎಲೆಕ್ಟ್ರಾನ್). 31 ವರ್ಷ ಹೈಸ್ಕೂಲಿನ ಬೋರ್ಡಿನ ಮೇಲೆ ಇದನ್ನೇ ಬಿಡಿಸಿದವಳು ನಾನು. ಹಾಗಾಗಿ ಇಡೀ ಪುಟವನ್ನು ಇದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಮೂರನೇ ಕವಚದಲ್ಲಿ 18 ಎಲೆಕ್ಟ್ರಾನ್ ಹಿಡಿಯುತ್ತವೆ ಅಂತ ಹೇಳಿಕೊಟ್ಟೆ. ಪೊಟ್ಯಾಸಿಯಂ ಬಿಡಿಸುವಾಗ 2, 8, 8, 1 ಅಂತ ಹಾಕಿಸಿದೆ. "2, 8, 9 ಯಾಕಲ್ಲ ಟೀಚರ್?" ಅಂತ ಒಬ್ಬ ಹುಡುಗಿ ಕೇಳಿದಳು. ಏನು ಹೇಳಲಿ? (ಶಿಕ್ಷಕಿ, ಹಾವೇರಿ ಜಿಲ್ಲೆ)

ಮೊದಲು ಆ ಹುಡುಗಿಗೆ ನನ್ನ ಶಹಬ್ಬಾಸ್ ಹೇಳಿ. ಅವಳ ಲೆಕ್ಕ ಸರಿಯಾಗಿದೆ. ಕವಚದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ ಎರಡರಷ್ಟು ಮಾಡಿದರೆ 2, 8, 18, 32 ಬರುತ್ತದೆ. ಮೂರನೆಯದರಲ್ಲಿ ಇನ್ನೂ ಹತ್ತು ಜಾಗ ಖಾಲಿ ಇರುವಾಗ ಹತ್ತೊಂಬತ್ತನೇ ಎಲೆಕ್ಟ್ರಾನ್ ಯಾಕೆ ಆಚೆ ಹೋಗಬೇಕು? "ಹೊರಗಿನ ಕವಚದಲ್ಲಿ ಎಂಟಕ್ಕಿಂತ ಜಾಸ್ತಿ ಇರಬಾರದು, ಅದು ನಿಯಮ" ಅಂತ ನಾನೂ ಮೊದಮೊದಲು ಹೇಳಿ ಮುಂದೆ ಹೋಗುತ್ತಿದ್ದೆ. ಅದರಿಂದ ಮಗುವಿಗೆ ಏನೂ ತಿಳಿಯುವುದಿಲ್ಲ.

ಕವಚದೊಳಗೆ ಕೋಣೆಗಳಿವೆ. ಮೂರನೇ ಕವಚದಲ್ಲಿ ಮೂರು: ಎಸ್ ಕೋಣೆಯಲ್ಲಿ 2, ಪಿ ಕೋಣೆಯಲ್ಲಿ 6, ಡಿ ಕೋಣೆಯಲ್ಲಿ 10. 18 ಎಲೆಕ್ಟ್ರಾನ್ ಇರುವ ಆರ್ಗಾನ್ ಹೊತ್ತಿಗೆ ಎಸ್, ಪಿ ಎರಡೂ ತುಂಬಿರುತ್ತವೆ. ಉಳಿಯುವುದು ಡಿ. ನಾಲ್ಕನೇ ಕವಚದ ಎಸ್ ಎಲೆಕ್ಟ್ರಾನ್ ಹೆಚ್ಚು ಹೊತ್ತು ದೂರದಲ್ಲೇ ಇದ್ದರೂ, ನ್ಯೂಕ್ಲಿಯಸ್ಸಿನ ತೀರಾ ಹತ್ತಿರ ಸಿಗುವ ಸಾಧ್ಯತೆಯೂ ಇದೆ. ಅಲ್ಲಿ ಪ್ರೋಟಾನ್‌ಗಳ ಸೆಳೆತ ಅದಕ್ಕೆ ಚೆನ್ನಾಗಿ ತಾಗುತ್ತದೆ. ಡಿ ಎಲೆಕ್ಟ್ರಾನಿಗೆ ಆ ಒಳದಾರಿ ಇಲ್ಲ. ಒಳಗಿನ 18 ಎಲೆಕ್ಟ್ರಾನ್‌ಗಳು ಸೆಳೆತಕ್ಕೆ ಅಡ್ಡ ನಿಲ್ಲುತ್ತವೆ. ಹಾಗಾಗಿ ಪೊಟ್ಯಾಸಿಯಂನಲ್ಲಿ ಮೂರನೆಯದರ ಡಿಗಿಂತ ನಾಲ್ಕನೆಯದರ ಎಸ್ ಕಡಿಮೆ ಶಕ್ತಿಯ ಜಾಗ. ಎಲೆಕ್ಟ್ರಾನ್ ಅಲ್ಲಿಗೆ ಹೋಗುತ್ತದೆ.

ಇದನ್ನು ಸುಮ್ನೆ ನಂಬಬೇಕಾಗಿಲ್ಲ, ಅಳೆದು ನೋಡಿದ್ದಾರೆ. ಒಂದು ಮೋಲ್ (ಡಜನ್ ಇದ್ದಂತೆ ಒಂದು ಗೊತ್ತಾದ ಎಣಿಕೆ, ಆದರೆ ತುಂಬ ದೊಡ್ಡದು) ಪೊಟ್ಯಾಸಿಯಂ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕೀಳಲು ಸುಮಾರು 419 ಕಿಲೋಜೂಲ್ ಸಾಕು. ಎರಡನೆಯದನ್ನು ಕೀಳಲು ಸುಮಾರು 3,050 ಬೇಕು. ಏಳು ಪಟ್ಟಿಗಿಂತ ಜಾಸ್ತಿ! ಒಂದು ಎಲೆಕ್ಟ್ರಾನ್ ಸಡಿಲವಾಗಿ ಹೊರಗಿದೆ, ಮಿಕ್ಕವು ಬಿಗಿಯಾಗಿ ಒಳಗಿವೆ ಅಂತ ಈ ಎರಡು ಅಂಕಿಗಳೇ ಹೇಳುತ್ತವೆ. ಈ ಅಂಕಿಗಳನ್ನು ಬೋರ್ಡಿನ ಮೇಲೆ ಚಿತ್ರದ ಪಕ್ಕದಲ್ಲೇ ಬರೆಯಿರಿ. ಆ ಒಂಟಿ ಚುಕ್ಕಿಗೆ ಆಗ ಅರ್ಥ ಬರುತ್ತದೆ.

ಖಾಲಿ ಉಳಿದ ಹತ್ತು ಜಾಗ ಏನಾಯಿತು ಅಂತ ಅವಳು ಖಂಡಿತ ಕೇಳುತ್ತಾಳೆ. ಕ್ಯಾಲ್ಸಿಯಂ 2, 8, 8, 2. ಅದರ ಮುಂದಿನ ಸ್ಕ್ಯಾಂಡಿಯಂ 2, 8, 9, 2. ಅವಳು ಕೇಳಿದ ಆ 9 ಇಲ್ಲಿ ಬಂತು, ನೋಡಿ. ಸತುವಿನ ಹೊತ್ತಿಗೆ 2, 8, 18, 2. ನಡುವೆ ಕ್ರೋಮಿಯಂ 2, 8, 13, 1 ಆಗುತ್ತದೆ, ತಾಮ್ರ 2, 8, 18, 1 ಆಗುತ್ತದೆ. ಆದ್ದರಿಂದ ನನ್ನ ಸಲಹೆ: ಉಂಗುರದ ಚಿತ್ರವನ್ನು ಕ್ಯಾಲ್ಸಿಯಂವರೆಗೆ ಬಿಡಿಸಿ, ಅಲ್ಲಿಗೆ ನಿಲ್ಲಿಸಿ. ಅಲ್ಲಿಂದ ಮುಂದೆ ಕೋಣೆಗಳನ್ನು ತೋರಿಸದ ಚಿತ್ರ ಮಕ್ಕಳನ್ನು ದಾರಿ ತಪ್ಪಿಸುತ್ತದೆ.

ಪ್ರಶ್ನೆ: ಮಗ ಚಾರ್ಟಿನಲ್ಲಿ ಸೋಡಿಯಂ ಬರೆದಿದ್ದಾನೆ. ನ್ಯೂಕ್ಲಿಯಸ್ ನಿಂಬೆಹಣ್ಣಿನಷ್ಟು ದೊಡ್ಡದು. ನಿಜವಾಗಲೂ ಪರಮಾಣು ಹೀಗೇ ಇರುತ್ತದಾ? (ತಂದೆ, ಮಂಡ್ಯ)

ಇಲ್ಲ. ಹೈಡ್ರೋಜನ್ನಿನ ನ್ಯೂಕ್ಲಿಯಸ್ ಒಂದು ರಾಗಿ ಕಾಳಿನಷ್ಟು ಅಂತ ಇಟ್ಟುಕೊಳ್ಳಿ. ಆಗ ಪರಮಾಣುವಿನ ಅಗಲ ಸುಮಾರು 90 ಮೀಟರ್ ಆಗುತ್ತದೆ. ಶಾಲೆಯ ಆಟದ ಮೈದಾನದ ನಡುವೆ ಒಂದು ರಾಗಿ ಕಾಳು! ಇದನ್ನು ಯಾವ ಚಾರ್ಟಿನಲ್ಲೂ ಅಳತೆಗೆ ಸರಿಯಾಗಿ ಬರೆಯಲು ಆಗುವುದಿಲ್ಲ.

ಉಂಗುರಗಳೂ ಅಷ್ಟೇ. 1911ರಲ್ಲಿ ರುದರ್‌ಫರ್ಡ್ ನ್ಯೂಕ್ಲಿಯಸ್ ಇದೆ ಅಂತ ತೋರಿಸಿದರು. 1913ರಲ್ಲಿ ನೀಲ್ಸ್ ಬೋರ್ ಎಲೆಕ್ಟ್ರಾನ್‌ಗಳನ್ನು ಗೊತ್ತಾದ ಶಕ್ತಿಯ ಕಕ್ಷೆಗಳಲ್ಲಿ ಇಟ್ಟರು. 1926ರಲ್ಲಿ ಶ್ರೋಡಿಂಗರ್ ಸಮೀಕರಣ ಬಂದ ಮೇಲೆ ಎಲೆಕ್ಟ್ರಾನಿಗೆ ಗೆರೆ ಎಳೆದಂಥ ದಾರಿ ಇಲ್ಲ ಅಂತ ಗೊತ್ತಾಯಿತು. ಆದರೂ ನಾವು ಉಂಗುರ ಬಿಡಿಸುತ್ತೇವೆ. ಯಾಕೆ? ರೇಷನ್ ಕಾರ್ಡ್ ನೆನಪಿಸಿಕೊಳ್ಳಿ. ಮನೆಯಲ್ಲಿ ಎಷ್ಟು ಜನ ಅಂತ ಅದರಲ್ಲಿ ಇರುತ್ತದೆ. ಮನೆ ಹೆಂಚಿನದೋ ತಾರಸಿಯದೋ, ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೋ, ಅದು ಇರುವುದಿಲ್ಲ. ಆದರೂ ಅಕ್ಕಿ ತರಲು ಅದೇ ಬೇಕು. ಯಾವ ಮಟ್ಟದಲ್ಲಿ ಎಷ್ಟು ಎಲೆಕ್ಟ್ರಾನ್ ಅನ್ನುವ ಲೆಕ್ಕಕ್ಕೆ ಈ ಚಿತ್ರವೂ ಹಾಗೆಯೇ ಬೇಕು. ಚಾರ್ಟಿನ ಕೆಳಗೆ "ಅಳತೆಗೆ ಅಲ್ಲ" ಅಂತ ಬರೆಯಲು ಮಗನಿಗೆ ಹೇಳಿ. ನ್ಯೂಕ್ಲಿಯಸ್ ಮೇಲೆ 11 ಪ್ರೋಟಾನ್, 12 ನ್ಯೂಟ್ರಾನ್ ಅಂತ ಅಂಕಿಯಲ್ಲೇ ಬರೆಯಲಿ. ಅಷ್ಟೊಂದು ಗೋಲಿಗಳನ್ನು ಗುಂಪಾಗಿ ಬಿಡಿಸುವುದು ಬೇಡ, ಎಣಿಸಲು ಬರುವುದಿಲ್ಲ.

ಪ್ರಶ್ನೆ: ಪ್ರಶ್ನೆಪತ್ರಿಕೆಗೆ ಇಂಥ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಮಾಡುವುದು ಹೇಗೆ? ಕೈಯಲ್ಲಿ ಇಟ್ಟ ಚುಕ್ಕಿಗಳು ಸಮನಾಗಿ ಬರುತ್ತಿಲ್ಲ. (ಶಿಕ್ಷಕ, ಚಿತ್ರದುರ್ಗ)

ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಅನ್ನುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದನ್ನು ಹಾಕಿಕೊಳ್ಳಿ. ವೃತ್ತ ಬಿಡಿಸುವ ಉಪಕರಣ ಆರಿಸಿ, ಕಂಟ್ರೋಲ್, ಶಿಫ್ಟ್ ಎರಡನ್ನೂ ಒತ್ತಿ ಹಿಡಿದು ಎಳೆದರೆ ಶುರು ಮಾಡಿದ ಜಾಗವೇ ಕೇಂದ್ರವಾಗಿ ಸರಿಯಾದ ವೃತ್ತ ಬರುತ್ತದೆ. ಉಂಗುರದ ಮೇಲೆ ಒಂದು ಚುಕ್ಕಿ ಇಡಿ. ಆಯ್ಕೆಯಾದ ಚುಕ್ಕಿಯನ್ನು ಇನ್ನೊಮ್ಮೆ ಕ್ಲಿಕ್ ಮಾಡಿದರೆ ತಿರುಗಿಸುವ ಬಾಣಗಳು ಕಾಣುತ್ತವೆ. ಅವುಗಳ ನಡುವೆ ಇರುವ ಕೂಡಿಸುವ ಚಿಹ್ನೆಯಂಥ ಗುರುತನ್ನು ನ್ಯೂಕ್ಲಿಯಸ್ ಮೇಲೆ ಎಳೆದಿಡಿ. ಕಂಟ್ರೋಲ್ ಮತ್ತು ಡಿ ಒತ್ತಿದರೆ ಚುಕ್ಕಿಯ ನಕಲು ಬರುತ್ತದೆ. ಕಂಟ್ರೋಲ್ ಹಿಡಿದು ತಿರುಗಿಸಿದರೆ ಅದು 15 ಡಿಗ್ರಿಯಂತೆ ಹೆಜ್ಜೆ ಹಾಕುತ್ತದೆ. ಒಂದು ಹೆಜ್ಜೆ ತಿರುಗಿಸಿದರೆ ಒಂದು ಜೋಡಿ ಆಯಿತು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಜೋಡಿ ಜೋಡಿಯಾಗಿ ಇಟ್ಟರೆ ಎಂಟನ್ನು ಒಂದೇ ನೋಟದಲ್ಲಿ ಎಣಿಸಬಹುದು.

ಆದರೆ ಜೋಡಿಯ ನಡುವೆ ಕಡೇಪಕ್ಷ ಒಂದು ಚುಕ್ಕಿಯ ಅಗಲ ಬಿಡಲೇಬೇಕು. ಒಂದು ವರ್ಷ ನಮ್ಮ ಅರ್ಧವಾರ್ಷಿಕ ಪರೀಕ್ಷೆಗೆ ನಾನು ಕ್ಲೋರಿನ್ ಬಿಡಿಸಿ ಕೊಟ್ಟಿದ್ದೆ: 2, 8, 7. ಜೆರಾಕ್ಸ್ ಮಾಡಿಸಿದಾಗ ಎರಡು ಚುಕ್ಕಿ ಅಂಟಿಕೊಂಡು ಏಳು ಆರಾಯಿತು. ಒಂಬತ್ತು ಮಕ್ಕಳು ಗಂಧಕ ಅಂತ ಬರೆದರು. ಅವರ ಕಣ್ಣಿಗೆ ಬಿದ್ದದ್ದಕ್ಕೆ ಅದೇ ಸರಿ ಉತ್ತರ, ಅಲ್ವಾ? ಪೂರ್ತಿ ಅಂಕ ಕೊಟ್ಟೆ. ಅವತ್ತಿಂದ ಪತ್ರಿಕೆ ಹಂಚುವ ಮೊದಲು ಒಂದು ಪ್ರತಿ ತೆಗೆಸಿ ಚುಕ್ಕಿ ಎಣಿಸುವುದನ್ನು ಬಿಡಲಿಲ್ಲ.

ಸೋಡಿಯಂ ಕ್ಲೋರೈಡ್ ತೋರಿಸುವಾಗ ಸೋಡಿಯಂನ ಎಲೆಕ್ಟ್ರಾನಿಗೆ ಗುಣಿಸುವ ಚಿಹ್ನೆ, ಕ್ಲೋರಿನ್ನಿನದಕ್ಕೆ ಚುಕ್ಕಿ ಹಾಕಿ. ಕೆಂಪು, ಹಸಿರು ಅಂತ ಬಣ್ಣದಲ್ಲಿ ಮಾತ್ರ ಬೇರೆ ಮಾಡಬೇಡಿ. ಆ ಎರಡು ಬಣ್ಣ ಒಂದೇ ಥರ ಕಾಣುವ ಮಕ್ಕಳೂ ಇರುತ್ತಾರೆ.

ಪ್ರಶ್ನೆ: ಕವಚಗಳಿಗೆ ಎ, ಬಿ, ಸಿ ಬಿಟ್ಟು ಕೆ, ಎಲ್, ಎಂ ಅಂತ ಯಾಕೆ ಹೆಸರು? (ವಿದ್ಯಾರ್ಥಿ, ಕಾರ್ಕಳ)

ಇಂಗ್ಲೆಂಡಿನ ಚಾರ್ಲ್ಸ್ ಬಾರ್ಕ್ಲಾ ಅವರು ಧಾತುಗಳಿಂದ ಹೊರಬರುವ ಎಕ್ಸ್-ಕಿರಣಗಳನ್ನು ಎರಡು ಗುಂಪು ಮಾಡಿ ಕೆ, ಎಲ್ ಅಂತ ಕರೆದರು. ಇವಕ್ಕಿಂತ ಹೆಚ್ಚು ಶಕ್ತಿಯ ಗುಂಪು ಮುಂದೆ ಸಿಕ್ಕರೆ ಅಂತ ಮೊದಲ ಅಕ್ಷರಗಳನ್ನು ಬಿಟ್ಟಿದ್ದರು. ಅಂಥದ್ದು ಸಿಗಲಿಲ್ಲ. ಆ ಅಕ್ಷರಗಳೇ ಮುಂದೆ ಕವಚಗಳಿಗೂ ಹೆಸರಾದವು. ಕೆ ಅನ್ನುವುದೇ ತೀರಾ ಒಳಗಿನ ಕವಚ.

ಪ್ರಶ್ನೆ: ನಮ್ಮ ತರಗತಿಯಲ್ಲಿ ಕಣ್ಣು ಕಾಣದ ಹುಡುಗನಿದ್ದಾನೆ. ಅವನಿಗೆ ಈ ಪಾಠ ಹೇಗೆ ಮಾಡಲಿ? (ಶಿಕ್ಷಕಿ, ಬೀದರ್)

ಈ ಕಾಗದ ಓದಿ ತುಂಬ ಸಂತೋಷವಾಯಿತು. ನೀವು "ಅವನಿಗೆ ಚಿತ್ರ ಬೇಡ" ಅಂತ ಬಿಟ್ಟುಬಿಡಲಿಲ್ಲ.

ದಪ್ಪ ರಟ್ಟು ತೆಗೆದುಕೊಳ್ಳಿ. ಬಲಗಡೆಯ ಮೇಲಿನ ಮೂಲೆ ಕತ್ತರಿಸಿ. ರಟ್ಟನ್ನು ಯಾವ ಕಡೆ ಹಿಡಿಯಬೇಕು ಅಂತ ಅವನಿಗೆ ಬೇರೆಯವರು ಹೇಳಬೇಕಾಗಿಲ್ಲ. ನಡುವೆ ಕೋಟಿನ ಗುಂಡಿ ಅಂಟಿಸಿ. ಉಂಗುರಕ್ಕೆ ಸಣಬಿನ ಹುರಿ. ಒಂದಕ್ಕೊಂದು ಎರಡು ಬೆರಳು ದೂರ ಇರಲಿ, ಹತ್ತಿರವಾದರೆ ಬೆರಳು ಹಾದಿ ತಪ್ಪುತ್ತದೆ. ಎಲೆಕ್ಟ್ರಾನಿಗೆ ಕಡಲೆಕಾಳು. ಹೆಸರುಕಾಳು ಹುರಿಯ ಮೇಲೆ ಸರಿಯಾಗಿ ಗೊತ್ತಾಗುವುದಿಲ್ಲ. ಪ್ರತಿ ಉಂಗುರದ ನೆತ್ತಿಯಲ್ಲಿ ಅರ್ಧ ಬೆಂಕಿಕಡ್ಡಿ ಅಡ್ಡ ಅಂಟಿಸಿ, ಎಣಿಕೆ ಅಲ್ಲಿಂದ ಶುರು. ಇಲ್ಲದಿದ್ದರೆ ಬೆರಳು ಸುತ್ತುತ್ತಾ ಎಂಟನ್ನು ಒಂಬತ್ತು, ಹತ್ತು ಅಂತ ಎಣಿಸುತ್ತಲೇ ಹೋಗುತ್ತದೆ. ಮೊದಲು ಸೋಡಿಯಂ ಮಾಡಿ. ಹೊರಗಿನ ಉಂಗುರವನ್ನು ಪೂರ್ತಿ ಸುತ್ತಿ ಬಂದರೂ ಒಂದೇ ಕಾಳು ಸಿಗುತ್ತದೆ. ಆ ಕಾಳನ್ನು ಮಾತ್ರ ಅಂಟಿಸದೆ, ಸ್ವಲ್ಪ ಮೇಣದಲ್ಲಿ ಕೂರಿಸಿ. ಅವನೇ ಅದನ್ನು ಕಿತ್ತು ಕ್ಲೋರಿನ್ ರಟ್ಟಿನ ಮೇಲೆ ಇಡಲಿ. ಹಿಂದಿನ ದಿನ ಸಂಜೆಯೇ ಮಾಡಿಡಿ. ಹುರಿಯ ಗೋಂದು ಒಣಗಲು ಒಂದು ರಾತ್ರಿ ಬೇಕು.