ರೀಲು ಮುಗಿಸುವ ಫೋಟೊ

ಶಿರಸಿಯಲ್ಲಿ ಸ್ಟುಡಿಯೊ ಇಟ್ಟುಕೊಂಡು ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಈ ಸಲ ಬಂದ ಪತ್ರಗಳೆಲ್ಲ ಹಳೇ ಕ್ಯಾಮೆರಾಗಳ ಬಗ್ಗೆಯೇ ಇವೆ. ಮಳೆಗಾಲದಲ್ಲಿ ಹೊರಗೆ ಹೋಗಲಾಗದೆ ಕಪಾಟು ಸ್ವಚ್ಛ ಮಾಡಲು ಕೂತವರು ಜಾಸ್ತಿ ಇರಬೇಕು.

ಅಜ್ಜನ ಕಪಾಟಿನಲ್ಲಿ ಯಶಿಕಾ ಎಂಎಫ್-2 ಸೂಪರ್ ಎಂಬ ಫಿಲ್ಮ್ ಕ್ಯಾಮೆರಾ ಸಿಕ್ಕಿದೆ. ಮೇಲಿನ ಕಿಂಡಿಯಲ್ಲಿ 22 ಎಂದು ಕಾಣುತ್ತದೆ. ಒಳಗೆ ರೋಲ್ ಇರಬಹುದೇ? ಉಳಿದದ್ದನ್ನು ನಾನು ತೆಗೆದು ಮುಗಿಸಲೇ?
– ವಿದ್ಯಾರ್ಥಿನಿ, ಮೈಸೂರು

ಹಿಂದಿನ ಬಾಗಿಲು ಮಾತ್ರ ತೆಗೆಯಬೇಡಮ್ಮ, ಬೆಳಕು ಬಿದ್ದರೆ ಫಿಲ್ಮು ಹಾಳು. ಮಿಕ್ಕಿದ್ದೆಲ್ಲ ಆಮೇಲೆ.

ಬಾಗಿಲು ತೆಗೆದರೆ ಇಂಥ ಕ್ಯಾಮೆರಾಗಳಲ್ಲಿ ಎಣಿಕೆ ಸಾಮಾನ್ಯವಾಗಿ ಮೊದಲಿಗೆ ಬಂದುಬಿಡುತ್ತದೆ. 22ರಲ್ಲೇ ನಿಂತಿದೆ ಅಂದರೆ ಅಜ್ಜ ಮುಚ್ಚಿಟ್ಟ ಮೇಲೆ ಯಾರೂ ತೆರೆದಿಲ್ಲ ಅಂತಲೇ ಲೆಕ್ಕ. ಖಾತ್ರಿ ಬೇಕಾದರೆ ಎಡಗಡೆ ಮೇಲಿರುವ ರಿವೈಂಡ್ ಹಿಡಿಕೆಯನ್ನು ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ ನೋಡು. ಬಿಗಿ ಹಿಡಿದರೆ ರೋಲು ಇದೆ. ಅಲ್ಲಿಗೇ ಬಿಡು.

ಆಮೇಲೆ ಸೆಲ್ಲಿನ ಮುಚ್ಚಳ ತೆಗೆ. ಎರಡು ಪೆನ್ಸಿಲ್ ಸೆಲ್ ಇಷ್ಟು ವರ್ಷದಲ್ಲಿ ಸೋರಿ ಬಿಳೀ ಪುಡಿ ಕಟ್ಟಿರಬಹುದು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ವಿನೆಗರ್‌ಗೆ ಸ್ವಲ್ಪ ತಾಗಿಸಿ ಒರೆಸು. ಅದು ಒಣಗಿದ ಮೇಲೆ ಹೊಸ ಸೆಲ್ ಹಾಕು.

36 ಫೋಟೊದ ರೋಲಾಗಿದ್ದರೆ ಉಳಿದ 14 ತೆಗೆಯಬಹುದೇ ಅಂದರೆ, ತೆಗೆಯಬಹುದು, ಆದರೆ ಆಸೆ ಕಡಿಮೆ ಇಟ್ಟುಕೋ. ಹಳೇ ಫಿಲ್ಮಿಗೆ ಕಣ್ಣು ಮಂದವಾಗಿರುತ್ತದೆ. ಹತ್ತು ವರ್ಷ ಹಳತಾದರೆ ಎರಡು ಪಟ್ಟು ಬೆಳಕು ಕೊಡಬೇಕು ಅನ್ನುವುದು ನಮ್ಮವರ ಅಂದಾಜು. ಇಪ್ಪತ್ತು ವರ್ಷಕ್ಕೆ ನಾಲ್ಕು ಪಟ್ಟು ಅಂತಾಯಿತು. ಅದಕ್ಕೇ ಫಿಲ್ಮಿನ ಚುರುಕು ಹೇಳುವ ಎಎಸ್‌ಎ ಗುಂಡಿಯನ್ನು, ಹೆಚ್ಚು ಬೆಳಕು ಬಿಡುವ 100ಕ್ಕೆ ಇಟ್ಟು, ಚುರುಕು ಬಿಸಿಲಿನಲ್ಲಿ ಮಾತ್ರ ತೆಗೆ. ಅಜ್ಜಿ ಇದ್ದರೆ ಅಂಗಳದಲ್ಲಿ ನಿಲ್ಲಿಸಿ ಮೂರ್ನಾಲ್ಕು ತೆಗೆ. ಮಿಕ್ಕಿದ್ದು ಖಾಲಿ ಹೋದರೆ ಹೋಗಲಿ. ಅಜ್ಜ ತೆಗೆದ 22 ಮುಖ್ಯ ಅಲ್ವಾ?

ರೋಲು ಮುಗಿದು ಹಿಂದಕ್ಕೆ ಸುತ್ತುವಾಗ ಫಿಲ್ಮಿನ ತುದಿ ಹೊರಗೆ ಉಳಿಯದ ಹಾಗೆ ಪೂರ್ತಿ ಡಬ್ಬಿಯೊಳಕ್ಕೆ ಸುತ್ತು. ತುದಿ ಹೊರಗಿದ್ದರೆ ಹೊಸ ರೋಲೆಂದು ಮತ್ತೆ ಹಾಕಿಬಿಡುತ್ತಾರೆ. ಬೇರೆಯವರನ್ನು ಯಾಕೆ ಹೇಳಲಿ, ನಾನೇ ಹಾಕಿದ್ದೇನೆ. ಒಂದು ಮನೆಯ ಧಾರೆಯ ಮೇಲೆ ಇನ್ನೊಂದು ಮನೆಯ ಗೃಹಪ್ರವೇಶ ಕೂತುಬಿಟ್ಟಿತ್ತು. ಮದುಮಗಳ ತಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಎರಡೂ ಮನೆಗೆ ಹೋಗಿ ಕೈಮುಗಿದು ಬಂದೆ.

ಡಬ್ಬಿಯ ಮೇಲೆ ಸಿ-41 ಎಂದು ತೊಳೆಯುವ ವಿಧಾನದ ಹೆಸರಿದ್ದರೆ ಅದು ಹೆಚ್ಚಾಗಿ ಮಾಮೂಲಿ ಕಲರ್ ನೆಗೆಟಿವ್. ಫಿಲ್ಮ್ ತೊಳೆಯುವ ಲ್ಯಾಬಿಗೆ ಕೊಡುವಾಗ ಹಳೇ ರೋಲು ಅಂತ ಬಾಯಿಬಿಟ್ಟು ಹೇಳು. ಫೋಟೊ ಫೋನಿಗೆ ಬಂದ ಕೂಡಲೇ ನೆಗೆಟಿವ್ ಮರೆತು ಬರುವ ಚಾಳಿ ನಿಮ್ಮ ವಯಸ್ಸಿನವರಿಗಿದೆ. ಕೇಳಿ ತೆಗೆದುಕೊಂಡು ಬಾ. ಅಸಲು ಇರುವುದು ಅದರಲ್ಲಿ.

ಮಗ 2005ರಲ್ಲಿ ತಂದುಕೊಟ್ಟ ಡಿಜಿಟಲ್ ಕ್ಯಾಮೆರಾ ಈಗ ಮೊಮ್ಮಗಳಿಗೆ ಬೇಕಂತೆ. 32 ಜಿಬಿಯ ಹೊಸ ಎಸ್‌ಡಿ ಕಾರ್ಡ್ ಹಾಕಿದರೆ ‘ಕಾರ್ಡ್ ಎರರ್’ ಅನ್ನುತ್ತದೆ. ಕ್ಯಾಮೆರಾ ಕೆಟ್ಟಿದೆಯೇ?
– ನಿವೃತ್ತ ಶಿಕ್ಷಕರು, ಧಾರವಾಡ

ಕೆಟ್ಟಿಲ್ಲ ಮಾಸ್ತರೇ. ಅದಕ್ಕೆ ಹೊಸ ಕಾರ್ಡಿನ ಭಾಷೆ ಬರುವುದಿಲ್ಲ. ಹಳೇ ಎಸ್‌ಡಿ ಕಾರ್ಡಿನ ಮಿತಿ 2 ಜಿಬಿ. ಅದಕ್ಕಿಂತ ಜಾಸ್ತಿ ಹಿಡಿಯುವ ಎಸ್‌ಡಿಎಚ್‌ಸಿ ಬಂದದ್ದು 2006ರಲ್ಲಿ. ನೋಡಲು ಎರಡೂ ಒಂದೇ, ತೂತಿನಲ್ಲೂ ಸರಿಯಾಗಿ ಕೂರುತ್ತವೆ. ಅದಕ್ಕೇ ಜನ ಮೋಸಹೋಗುತ್ತಾರೆ. ಹಳೇ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ 1 ಅಥವಾ 2 ಜಿಬಿಯ ಕಾರ್ಡ್ ಇದೆಯೇ ಕೇಳಿ. ಕ್ಯಾಮೆರಾದ ಜೊತೆಗೇ ಬಂದ ಕಾರ್ಡ್ ಮನೆಯಲ್ಲೇ ಸಿಕ್ಕರೆ, ಫಾರ್ಮ್ಯಾಟ್ ಮಾಡುವ ಮುಂಚೆ ಅದರಲ್ಲಿ ಏನಿದೆ ನೋಡಿಕೊಳ್ಳಿ. ತಾರೀಖನ್ನೂ ಸರಿಮಾಡಿ. ಇಲ್ಲದಿದ್ದರೆ ಮೊಮ್ಮಗಳ ಫೋಟೊಗಳೆಲ್ಲ ಅವಳು ಹುಟ್ಟುವುದಕ್ಕೆ ಮುಂಚಿನವು ಅಂತ ತೋರಿಸುತ್ತವೆ.

ಅವಳಿಗೆ ಬೇಕಾಗಿರುವುದು ಆ ಫ್ಲಾಶು. ಮುಖ ಬೆಳ್ಳಗೆ, ಹಿಂದಿನ ಗೋಡೆ ಕಪ್ಪಗೆ. ಅದೇ ಫ್ಲಾಶಿಗೆ ನಮ್ಮ ಗಿರಾಕಿಗಳು ನನ್ನನ್ನು ಬೈದು ಹೋಗುತ್ತಿದ್ದರು.

ಫಿಲ್ಮಿನಲ್ಲಿ ತೆಗೆದರೆ ಫೋಟೊ ಚೆನ್ನಾಗಿ ಬರುತ್ತದೆಯೇ?
– ಓದುಗರು, ಬೆಂಗಳೂರು

ಕಡಿಮೆ ಬರುತ್ತದೆ. ರೋಲು, ತೊಳೆಸುವುದು, ಸ್ಕ್ಯಾನು ಎಲ್ಲ ಸೇರಿದರೆ ಒಂದು ಕ್ಲಿಕ್ಕಿಗೆ ನಮ್ಮೂರಿನ ಎರಡು ಕಾಫಿಯ ದುಡ್ಡಾಗುತ್ತದೆ.

ಲೆನ್ಸಿನ ಒಳಗೆ ಜೇಡರ ಬಲೆಯಂಥದ್ದು ಕಾಣುತ್ತಿದೆ. ಚರ್ಮದ ಚೀಲದಲ್ಲಿ ಜೋಪಾನವಾಗಿಯೇ ಇಟ್ಟಿದ್ದೆವು.
– ಗೃಹಿಣಿ, ತೀರ್ಥಹಳ್ಳಿ

ಅದು ಬೂಷ್ಟು ಅಕ್ಕಾ. ಆ ಜೋಪಾನವೇ ಕೆಲಸ ಕೆಡಿಸಿದ್ದು. ಮಲೆನಾಡಿನ ಮಳೆಯಲ್ಲಿ ಚರ್ಮದ ಚೀಲ ತೇವ ಹೀರಿ ಹಿಡಿದುಕೊಳ್ಳುತ್ತದೆ. ಹಪ್ಪಳ ಹಾಕಿಡುವಂಥ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅಕ್ಕಿಯಲ್ಲಿ ಹುಗಿಯಬೇಡಿ, ಧೂಳು ಸೇರುತ್ತದೆ. ನಮ್ಮಪ್ಪ ಕ್ಯಾಮೆರಾದ ಕಪಾಟಿನೊಳಗೆ ಒಂದು ಝೀರೊ ಬಲ್ಬನ್ನು ಮಳೆಗಾಲ ಪೂರ್ತಿ ಉರಿಸುತ್ತಿದ್ದರು. ಮನೆಯಲ್ಲಿ ನಮ್ಮ ಬಟ್ಟೆ ಮುಗ್ಗುಲು ನಾತ ಹೊಡೆಯುತ್ತಿದ್ದರೂ ಕ್ಯಾಮೆರಾ ಬೆಚ್ಚಗಿರುತ್ತಿತ್ತು! ಬಂದಿರುವ ಬೂಷ್ಟನ್ನು ನೀವೇ ಬಿಚ್ಚಿ ಒರೆಸಲು ಹೋಗಬೇಡಿ, ರಿಪೇರಿಯವರಿಗೆ ಕೊಡಿ.

ನನ್ನ ಫೋನಿನಲ್ಲಿ 9,000 ಫೋಟೊ ಇವೆ, ಒಂದನ್ನೂ ತಿರುಗಿ ನೋಡಿಲ್ಲ. ನಿಮ್ಮ ಕಾಲದಲ್ಲಿ ಜನ 36ರಲ್ಲಿ ಹೇಗೆ ಸುಧಾರಿಸುತ್ತಿದ್ದರು?
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

36 ಅಲ್ಲ, 38. ರೋಲನ್ನು ಹುಷಾರಾಗಿ ಹಾಕಿ ಎರಡು ಜಾಸ್ತಿ ಗಿಟ್ಟಿಸದಿದ್ದರೆ ಅವನು ಮನೆಯ ಯಜಮಾನನೇ ಅಲ್ಲ.

ನಮ್ಮ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಒಂದೇ ರೋಲಿನಲ್ಲಿ ಎರಡು ಜಾತ್ರೆ ಬಂದದ್ದನ್ನು ನಾನೇ ತೊಳೆದಿದ್ದೇನೆ. ಮೊದಲ ಫೋಟೊದಲ್ಲಿ ಸೊಂಟದ ಮೇಲಿದ್ದ ಮಗು ಕೊನೆಯದರಲ್ಲಿ ಬಲೂನು ಹಿಡಿದು ನಿಂತಿತ್ತು. ಆದರೆ ಮಗಳ ನಿಶ್ಚಿತಾರ್ಥದಂಥದ್ದಾದರೆ ಅಷ್ಟು ದಿನ ಕಾಯುವ ತಾಳ್ಮೆ ಯಾರಿಗಿತ್ತು? ತೊಳೆಸಲು ಅವಸರ. ರೋಲಿನಲ್ಲಿ ಇನ್ನೂ ಎರಡೋ ಮೂರೋ ಉಳಿದಿವೆ, ಹಾಳುಮಾಡಲು ಮನಸ್ಸಿಲ್ಲ. ಆಗ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಹೊಡೆಯುತ್ತಿದ್ದರು. ತುಳಸಿಕಟ್ಟೆ, ಹೊಸ ಸ್ಕೂಟರು, ನಾಯಿ. ಇದಕ್ಕೆ ‘ರೀಲು ಮುಗಿಸೋದು’ ಅಂತಿದ್ದರು. ಕೌಂಟರಿಗೆ ಬಂದು, “ಎರಡು ಉಳಿದಿದೆ ಮಾರಾಯ್ರೇ, ನೀವೇ ನಿಲ್ಲಿ” ಅಂದವರೂ ಇದ್ದಾರೆ. ಎಷ್ಟು ಮನೆಯ ಆಲ್ಬಮ್ಮಿನ ಕೊನೇ ಪುಟದಲ್ಲಿ ನಾನು ಪೆಕರನ ಹಾಗೆ ನಗುತ್ತಾ ಕೂತಿದ್ದೇನೋ.

ಮೊನ್ನೆ ಒಬ್ಬರು ಹಳೇ ನೆಗೆಟಿವ್ ಪಟ್ಟಿ ತಂದರು. ನಿಶ್ಚಿತಾರ್ಥದ ಫೋಟೊಗಳೆಲ್ಲ ಇದ್ದವು, ಅದ್ಯಾವುದೂ ಬೇಡವಂತೆ. 37ನೆಯದನ್ನು ದೊಡ್ಡದು ಮಾಡಿಕೊಡಿ ಎಂದರು. ಬೆಳಕಿಗೆ ಹಿಡಿದು ನೋಡಿದೆ. ಕೊಟ್ಟಿಗೆಯ ಮುಂದೆ ಒಂದು ಆಕಳು. ಹಿಂದೆ ಹುಲ್ಲಿನ ಹೊರೆ ಹೊತ್ತ ಹೆಂಗಸು, ಅರ್ಧ ಚೌಕಟ್ಟಿನ ಹೊರಗೆ. ಅವರ ಅಮ್ಮ. ಕ್ಯಾಮೆರಾ ತೆಗೆದರೆ ಸಾಕು ಒಳಗೆ ಓಡುತ್ತಿದ್ದರಂತೆ. ಬೇರೆ ಫೋಟೊನೇ ಇಲ್ಲ. ಆಕಳನ್ನು ಕತ್ತರಿಸಿ ಅಮ್ಮನನ್ನಷ್ಟೇ ದೊಡ್ಡದು ಮಾಡಲಾ ಎಂದು ಕೇಳಿದೆ.

“ಬೇಡ, ಗೌರಿನೂ ಇರಲಿ” ಎಂದರು.