ಕೈ ಹಿಂದಕ್ಕೆ ಕಟ್ಕೊಂಡು ನಿಂತ ತಾಯಿ

ಇದನ್ನ ಬರೀಬೇಕೋ ಬೇಡ್ವೋ ಅಂತ ತುಂಬಾ ದಿನ ಯೋಚ್ನೆ ಮಾಡ್ದೆ. ನಾನು ಕೌನ್ಸೆಲರ್. ಹೊಸ ತಾಯಂದಿರಲ್ಲಿ ಈ ವರ್ಷ ಇದೇ ತರದ್ದು ನಾಲ್ಕನೇ ಕೇಸು, ನಾಲ್ಕರಲ್ಲೂ ನಿಜವಾದ ವಿಷಯ ಹೊರಗೆ ಬಂದಿದ್ದು ತಡವಾಗಿ, ಅದ್ರಲ್ಲೂ ಈ ಒಂದು ಕೇಸಲ್ಲಿ ಎರಡು ಸೆಷನ್ ಪೂರ್ತಿ ನಾನೇ ದಾರಿ ತಪ್ಪಿದ್ದೆ. ಆಕೆ ಯಾರು ಅಂತ ಗೊತ್ತಾಗೋ ಅಂಥ ವಿವರ ಎಲ್ಲಾ ಬದಲಾಯಿಸಿದ್ದೀನಿ, ಬರೆಯೋಕೆ ಆಕೆಯ ಒಪ್ಪಿಗೇನೂ ಇದೆ.

ಮೊದಲನೇ ಹೆರಿಗೆ, ಸಿಸೇರಿಯನ್, ಮಗುಗೆ ಒಂಬತ್ತು ವಾರ. ಕರ್ಕೊಂಡು ಬಂದಿದ್ದು ಗಂಡ, ದೂರೂ ಅವರದ್ದೇ. "ಹಾಲು ಕುಡಿಸ್ತಾಳೆ ಮೇಡಂ, ಮುಗೀತು ಅಂದ ತಕ್ಷಣ ಕೊಟ್ಬಿಡ್ತಾಳೆ. ಸ್ನಾನ ಮಾಡ್ಸಲ್ಲ, ಎತ್ಕೊಂಡು ಓಡಾಡಲ್ಲ. ಎಲ್ಲಾ ಅಮ್ಮನೇ ಮಾಡ್ಬೇಕು, ಅವ್ರಿಗೂ ವಯಸ್ಸಾಯ್ತು." ಆಕೆ ಏನೂ ಮಾತಾಡ್ಲಿಲ್ಲ. ಅತ್ತೆ ಏನಂತಾರೆ ಅಂತ ಕೇಳಿದ್ದಕ್ಕೆ "ನಂಗೆ ಮಗು ಅಂದ್ರೆ ಉದಾಸೀನ ಅಂತಾರೆ" ಅಂದ್ರು, ಅಷ್ಟೇ.

ನಾನು ಎಲ್ಲರಿಗೂ ಕೇಳೋದನ್ನೇ ಕೇಳ್ದೆ. ಎಳೆ ಮಗು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕೇಳತ್ತೆ, ಅಂದ್ರೆ ತಾಯಿ ನಿದ್ದೆ ಚೂರುಚೂರು, ಒಟ್ಟು ಲೆಕ್ಕ ಹಾಕಿದ್ರೆ ಆರು ಗಂಟೆ ಅನ್ಸಿದ್ರೂ ಅದು ಆರು ಗಂಟೆ ನಿದ್ದೆ ಅಲ್ವೇ ಅಲ್ಲ. ಹೊಲಿಗೆ ನೋವು ಇನ್ನೂ ಇತ್ತು. ಹೆರಿಗೇಲಿ ರಕ್ತ ಜಾಸ್ತಿ ಹೋಗಿತ್ತಂತೆ, ಆಮೇಲೆ ಯಾರೂ ಹಿಮೋಗ್ಲೋಬಿನ್ ನೋಡಿರ್ಲಿಲ್ಲ. ಹೆರಿಗೆ ಆದ್ಮೇಲೆ ಥೈರಾಯ್ಡ್ ಏರುಪೇರಾಗೋದು ನೂರರಲ್ಲಿ ಐದಾರು ಜನಕ್ಕೆ ಇದ್ದೇ ಇರತ್ತೆ, ಸುಸ್ತು, ಬೇಜಾರು, ಗಾಬರಿ ಎಲ್ಲಾ ಅದ್ರಿಂದ್ಲೂ ಬರಬಹುದು, ಅದಕ್ಕೆ ಡಾಕ್ಟರ್ ಹತ್ರ ಹೋಗಿ ಎರಡೂ ರಕ್ತಪರೀಕ್ಷೆ ಮಾಡ್ಸಿ ಅಂದೆ. ಹೆರಿಗೆ ನಂತರದ ಖಿನ್ನತೆ ಹಿಡಿಯೋಕೆ ಬಳಸೋ ಎಡಿನ್‌ಬರೋ ಪ್ರಶ್ನಾವಳೀನೂ ಕೊಟ್ಟೆ. 1987ರಿಂದ ಬಳಕೇಲಿರೋದು, ಹತ್ತು ಪ್ರಶ್ನೆ, ಕಳೆದ ಏಳು ದಿನ ಹೇಗಿತ್ತು ಅಂತ ಕೇಳತ್ತೆ, ಮೂವತ್ತಕ್ಕೆ ಅಂಕ. ಆಕೆಗೆ ಹನ್ನೆರಡು ಬಂತು. ಖಿನ್ನತೆಯ ಗಡಿಯಲ್ಲೇ ಇರೋ ಅಂಕ ಅದು. ಖಿನ್ನತೆ ಶುರುವಾಗ್ತಿದೆ, ನಿದ್ದೆ ಸರಿಹೋದ್ರೆ ಅರ್ಧ ಸರಿಹೋಗತ್ತೆ ಅಂದ್ಕೊಂಡು ಎರಡು ಸೆಷನ್ ನಿದ್ದೆ ಬಗ್ಗೇನೇ ಮಾತಾಡ್ದೆ. ತಪ್ಪೇನಲ್ಲ ಅದು, ಆದ್ರೆ ಮಗುನ ಯಾಕೆ ಎತ್ಕೊಳಲ್ಲ ಅನ್ನೋದನ್ನ ನಾನೂ ಮನೆಯವರ ತರಾನೇ ಸುಸ್ತಿನ ಲೆಕ್ಕಕ್ಕೆ ಹಾಕ್ಬಿಟ್ಟಿದ್ದೆ.

ಮೂರನೇ ಸೆಷನ್. ಟೈಮ್ ಮುಗೀತು, ಆಕೆ ಎದ್ದು ಹೋಗಿ ಬಾಗಿಲ ಹಿಡಿ ಮೇಲೆ ಕೈ ಇಟ್ಟು ಹಾಗೇ ನಿಂತ್ರು. ಬೆನ್ನು ನನ್ನ ಕಡೆಗೆ. "ಇಲ್ಲಿ ಹೇಳಿದ್ದನ್ನ ನೀವು ಎಲ್ಲಾದ್ರೂ ರಿಪೋರ್ಟ್ ಮಾಡ್ಬೇಕಾಗತ್ತಾ? ಮಗುನ ಕಿತ್ಕೊಳ್ತಾರಾ?"

ಬಾಗಿಲ ಹತ್ರ ಬರೋ ಮಾತೇ ಆ ದಿನದ ನಿಜವಾದ ಮಾತು ಅಂತ ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತು. ಮುಂದಿನ ಅಪಾಯಿಂಟ್‌ಮೆಂಟಿನವರಿಗೆ ಕಾಯೋಕೆ ಹೇಳಿ ಇವರನ್ನ ಕೂರಿಸ್ದೆ. ಜೀವಕ್ಕೆ ಅಪಾಯ ಇದೆ ಅಂತ ನಂಗೆ ಅನ್ಸಿದ್ರೆ ಬೇರೆಯವರಿಗೆ ಹೇಳ್ಬೇಕಾಗತ್ತೆ, ಅದನ್ನೂ ನಿಮಗೆ ಹೇಳಿಯೇ ಹೇಳ್ತೀನಿ, ಆದ್ರೆ ಒಂದು ಯೋಚನೆ ಬಂತು ಅನ್ನೋದು ಅಪರಾಧ ಅಲ್ಲ ಅಂದೆ. ಸುಮಾರು ಹೊತ್ತು ಸುಮ್ನಿದ್ರು.

"ಸ್ನಾನ ಮಾಡಿಸ್ತಿದ್ದೆ. ಮಗು ತಲೆ ನನ್ನ ಅಂಗೈಲಿತ್ತು. ಕೈ ಜಾರಿದ್ರೆ ಅಂತ ಬಂತು." ನಿಲ್ಸಿದ್ರು. "ಅಲ್ಲ. ಜಾರಿದ್ರೆ ಅಂತಲ್ಲ. ಒತ್ತಿಬಿಟ್ರೆ ಅಂತ."

ಆವತ್ತಿಂದ ಸ್ನಾನ ಬಿಟ್ರು. ಆಮೇಲೆ ಮೆಟ್ಟಿಲ ಮೇಲೆ ಬಂತು, ಎಸೆದುಬಿಟ್ರೆ ಅಂತ, ಮಗುನ ಎತ್ಕೊಂಡು ಮೆಟ್ಟಿಲು ಇಳಿಯೋದು ಬಿಟ್ರು. ಅಡುಗೆಮನೆ ಚಾಕು ಎಲ್ಲಾ ಮೇಲಿನ ಶೆಲ್ಫಿಗೆ ಹೋಯ್ತು. ಮನೇಲಿ ಯಾರೂ ಯಾಕೆ ಅಂತ ಕೇಳ್ಲಿಲ್ಲ, ಸೋಮಾರಿ ಆಗಿದ್ದಾಳೆ ಅಂದ್ರು.

ನಾನು ಕೇಳ್ದೆ, "ಆ ಯೋಚನೆ ಬಂದಾಗ ನೀವೇನ್ ಮಾಡ್ತೀರಾ?"

ಆಕೆ ಎದ್ದು ನಿಂತು ಮಾಡಿ ತೋರ್ಸಿದ್ರು. ಎರಡೂ ಕೈ ಬೆನ್ನ ಹಿಂದೆ, ಬಲಗೈ ಮಣಿಕಟ್ಟನ್ನ ಎಡಗೈ ಬಿಗಿಯಾಗಿ ಹಿಡ್ಕೊಂಡಿದೆ, ಉಗುರಿನ ಗುರುತು ಬಿದ್ದಿದೆ. "ಮಗು ಮಲಗಿರೋ ರೂಮಿಗೆ ಹೀಗೇ ಹೋಗ್ತೀನಿ."

ಇಷ್ಟು ದಿನ ಆ ಮನೆಯವರು ಉದಾಸೀನ ಅಂತ ಕರೀತಿದ್ದಿದ್ದು ಇದನ್ನ.

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಓದೋರಿಗೆ ಭಯ ಆಗತ್ತೆ, ಕೆಲವರಿಗೆ ತಮ್ಮ ಮಾತೇ ಕೇಳಿಸಿದ ಹಾಗಾಗತ್ತೆ. ಹೊಸ ತಾಯಂದಿರನ್ನ ಕೂರಿಸಿ ನೇರವಾಗಿ ಕೇಳಿದ ಸಂಶೋಧನೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ, ಹೌದು, ತಾನೇ ಮಗುಗೆ ಏನಾದ್ರೂ ಮಾಡ್ಬಿಡ್ತೀನೇನೋ ಅನ್ನೋ ಬೇಡದ ಯೋಚನೆ ಬಂದಿತ್ತು ಅಂತ ಹೇಳಿದ್ದಾರೆ. ಬಹಳ ಜನಕ್ಕೆ ಬಂದು ಹೋಗತ್ತೆ. ಕೆಲವರಿಗೆ ಅಂಟ್ಕೊಂಡುಬಿಡತ್ತೆ, ಅದರ ಸುತ್ತ ತಪ್ಪಿಸ್ಕೊಳ್ಳೋದು, ಪದೇಪದೇ ಚೆಕ್ ಮಾಡೋದು ಬೆಳೆಯತ್ತೆ, ಆಗ ಅದು ಗೀಳು ಕಾಯಿಲೆ, ಒಸಿಡಿ. ಆ ಯೋಚನೆ ಅವರಿಗೇ ಅಸಹ್ಯ, ಭಯ.

ಬೇರೆ ಒಂದಿದೆ, ಅದನ್ನ ಮರೀಬಾರ್ದು. ಹೆರಿಗೆ ನಂತರದ ಸೈಕೋಸಿಸ್, ಸಾವಿರಕ್ಕೆ ಒಂದೋ ಎರಡೋ, ಹೆಚ್ಚಾಗಿ ಮೊದಲ ಎರಡು ವಾರದೊಳಗೆ, ತುಂಬಾ ಬೇಗ ಕೆಡತ್ತೆ. ನಿದ್ದೆಗೆ ಅವಕಾಶ ಇದ್ರೂ ನಿದ್ದೆ ಬೇಡ ಅನ್ಸೋದು, ಗೊಂದಲ, ಇಲ್ಲದ ಧ್ವನಿ ಕೇಳ್ಸೋದು, ಮಗು ಬಗ್ಗೆ ವಿಚಿತ್ರ ನಂಬಿಕೆ, ಮಗುಗೆ ಹಾನಿ ಮಾಡೋದೇ ಸರಿ ಅಂತ ಅನ್ಸೋದು. ಅದು ಅವತ್ತೇ ಆಸ್ಪತ್ರೆಗೆ ಹೋಗೋ ವಿಷಯ, ಕೌನ್ಸೆಲಿಂಗ್ ವಿಷಯ ಅಲ್ಲ. ಹಾಗಾಗಿ ಒಂದೊಂದಾಗಿ ಎಲ್ಲಾ ಕೇಳ್ದೆ. ಧ್ವನಿ ಇರ್ಲಿಲ್ಲ, ಗೊಂದಲ ಇರ್ಲಿಲ್ಲ, ಯಾರಾದ್ರೂ ಮಗುನ ನೋಡ್ಕೊಂಡ್ರೆ "ಕಲ್ಲಿನ ತರ ಬಿದ್ಕೊಳ್ತೀನಿ" ಅಂದ್ರು. ಸಾಯೋ ಯೋಚನೆ ಬಗ್ಗೆಯೂ ಸುತ್ತಿ ಬಳಸದೆ ಕೇಳ್ದೆ. "ನಾನಿಲ್ದಿದ್ರೆ ಮಗು ಸೇಫ್ ಆಗಿರತ್ತೆ ಅಂತ ಎರಡು ಸಲ ಅನ್ಸಿದೆ, ಮಾಡ್ಕೊಳ್ಬೇಕು ಅಂತಲ್ಲ." ಅಷ್ಟು ಸಾಕಿತ್ತು, ಅವತ್ತು ಮಧ್ಯಾಹ್ನವೇ ಪರಿಚಯದ ಮನೋವೈದ್ಯರಿಗೆ ಫೋನ್ ಮಾಡಿ ಮರುದಿನಕ್ಕೆ ಟೈಮ್ ತಗೊಂಡೆ. ಹಾಲು ಕುಡಿಸ್ತಿದ್ದೀನಿ, ಮಾತ್ರೆ ಬೇಡ ಅಂತ ಆಕೆಗೆ ಭಯ. ಹಾಲೂಡಿಸೋವಾಗ ಕೊಡಬಹುದಾದ ಔಷಧಿಗಳಿವೆ, ಖಿನ್ನತೆಗೆ, ಒಸಿಡಿಗೆ ಕೊಡೋ ಸರ್ಟ್ರಲೀನ್ ತರದ್ದು ಹಾಲಿಗೆ ಬರೋದು ತುಂಬಾ ಕಡಿಮೆ, ಆದ್ರೆ ಯಾವುದು ಎಷ್ಟು ಅನ್ನೋದು ಡಾಕ್ಟರ್ ನಿರ್ಧಾರ, ನನ್ನದಲ್ಲ ಅಂದೆ.

ಗಂಡನಿಗೆ ಹೇಳೋದು ದೊಡ್ಡ ಗುಡ್ಡ ಆಗಿತ್ತು. ಆಕೆಯೇ, ಆಕೆಯ ಮಾತಲ್ಲೇ, ನನ್ನ ಎದುರಿಗೇ ಹೇಳ್ಲಿ ಅಂದೆ. ಹೇಳಿದ್ರು. ಆತ ಬಿಳಿಚ್ಕೊಂಡು, ಒಳ್ಳೇ ಮನಸ್ಸಿಂದ್ಲೇ, "ಹಾಗಾದ್ರೆ ಸದ್ಯಕ್ಕೆ ಅಮ್ಮನೇ ಮಗುನ ಪೂರ್ತಿ ನೋಡ್ಕೊಳ್ಲಿ, ಇವಳು ರೆಸ್ಟ್ ತಗೊಳ್ಲಿ" ಅಂದ್ರು.

ನಾನು ಬೇಡ ಅಂದೆ. ಈ ಸಲಹೆಗೆ ಆಮೇಲೆ ನನ್ನ ಸಹೋದ್ಯೋಗಿಯೊಬ್ರು ನನ್ನ ಮೇಲೆ ರೇಗಿದ್ರು, ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ಅಂತ. ನ್ಯಾಯವಾದ ಪ್ರಶ್ನೆಯೇ. ಆದ್ರೆ ಮನೋವೈದ್ಯರು ನೋಡಿ ಒಸಿಡಿ ಮತ್ತೆ ಜೊತೆಗೆ ಖಿನ್ನತೆ ಅಂತ ಹೇಳಿದ್ಮೇಲೆ, ಅವರೂ ಒಪ್ಪಿದ್ಮೇಲೆ ಕೊಟ್ಟ ಸಲಹೆ ಅದು, ಅಲ್ಲಿವರೆಗೆ ಆ ಒಂದು ದಿನ ಯಾರಾದ್ರೂ ಆಕೆ ಜೊತೆಗಿರಲಿ ಅಂದಿದ್ದೆ. ಮಗುನ ದೂರ ಇಟ್ರೆ ಆಕೆಗೆ ಸಿಗೋ ಉತ್ತರ ಏನು? ಹೌದು, ನೀನು ಅಪಾಯ, ನಾವೂ ಹಾಗೇ ಅಂದ್ಕೊಂಡಿದ್ದೀವಿ ಅಂತ. ತಪ್ಪಿಸ್ಕೊಂಡಷ್ಟೂ ಈ ಕಾಯಿಲೆಗೆ ಮೇವು ಸಿಗತ್ತೆ. ನಾನಿದನ್ನ ಇವತ್ತೂ ಹಾಗೇ ಹೇಳ್ತೀನಿ.

ಬದಲಿಗೆ ಕೊಟ್ಟಿದ್ದು ಸಣ್ಣ ಸಣ್ಣ ಕೆಲಸ. ಮೊದಲ ವಾರ ಅತ್ತೆ ಸ್ನಾನ ಮಾಡಿಸೋವಾಗ ಪಕ್ಕದಲ್ಲಿ ನಿಲ್ಲೋದು, ಕೈ ಮುಂದಿರ್ಬೇಕು, ಅಷ್ಟೇ. ಆಮೇಲೆ ಕಾಲಿಗೆ ನೀರು ಹಾಕೋದು. ಯೋಚನೆ ಬಂದ್ರೆ ಬರ್ಲಿ, ಓಡಿಸೋಕೆ ಹೋಗ್ಬೇಡಿ. "ನಾನು ಕೆಟ್ಟ ತಾಯಿನಾ" ಅಂತ ದಿನಕ್ಕೆ ಇಪ್ಪತ್ತು ಸಲ ಗಂಡನ್ನ ಕೇಳ್ತಿದ್ರು, ಅದಕ್ಕೆ ಒಂದೇ ಸಲ ಉತ್ತರ, ಆಮೇಲೆ "ಇದು ಕಾಯಿಲೆ ಕೇಳ್ತಿರೋ ಪ್ರಶ್ನೆ" ಅಂತ ಹೇಳಿ ಬಿಟ್ಬಿಡಿ ಅಂತ ಆತನಿಗೆ ಹೇಳ್ಕೊಟ್ಟೆ. ರಾತ್ರಿ ನಾಲ್ಕೈದು ಗಂಟೆ ಒಂದೇ ಸಮನೆ ನಿದ್ದೆ ಆಕೆಗೆ ಸಿಗ್ಲೇಬೇಕು, ಆ ಹೊತ್ತಿನ ಹಾಲು ತೆಗೆದಿಟ್ಟು ಆತ ಕುಡಿಸೋದು, ಇದ್ರಲ್ಲಿ ಚೌಕಾಸಿ ಇಲ್ಲ. ರಕ್ತಪರೀಕ್ಷೆ ಬಂತು, ಥೈರಾಯ್ಡ್ ಸರಿ ಇತ್ತು, ಹಿಮೋಗ್ಲೋಬಿನ್ 8.9, ಅಂದ್ರೆ ಕಡಿಮೆ, ಕಬ್ಬಿಣಾಂಶದ ಮಾತ್ರೆ ಶುರುವಾಯ್ತು. ಆಕೆಗಿದ್ದ ಸುಸ್ತು ಸುಳ್ಳಲ್ಲ ಅಂತಾಯ್ತು.

ನನ್ನನ್ನ ಕಾಡೋದು ಆ ಹನ್ನೆರಡು ಅಂಕ. ಎಡಿನ್‌ಬರೋ ಪಟ್ಟಿಯ ಹತ್ತನೇ ಪ್ರಶ್ನೆ ತನಗೇ ಹಾನಿ ಮಾಡ್ಕೊಳ್ಳೋ ಯೋಚನೆ ಬಗ್ಗೆ ಕೇಳತ್ತೆ, ಮಗು ಬಗ್ಗೆ ಬರೋ ಬೇಡದ ಯೋಚನೆ ಬಗ್ಗೆ ಒಂದು ಪ್ರಶ್ನೇನೂ ಇಲ್ಲ. ಪಟ್ಟಿಯ ತಪ್ಪಲ್ಲ, ಅದು ಖಿನ್ನತೆ ಹಿಡಿಯೋಕೆ ಮಾಡಿದ್ದು. ನಾನು ಬಾಯಿಂದ ಕೇಳ್ಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯಲ್ಲಿ ಹೆರಿಗೆ ಆದ ಮೊದಲ ದಿನ, ಆಮೇಲೆ 48ರಿಂದ 72 ಗಂಟೆಯೊಳಗೆ, ಎರಡನೇ ವಾರದಲ್ಲಿ, ಆರನೇ ವಾರದಲ್ಲಿ ತಾಯಿನ ನೋಡ್ಬೇಕು, ಮನಸ್ಸಿನ ಸ್ಥಿತೀನೂ ಕೇಳ್ಬೇಕು ಅಂತಿದೆ. ಈಕೆ ಎಲ್ಲಾ ಭೇಟಿಗೂ ಹೋಗಿದ್ರು. ಹೊಲಿಗೆ ನೋಡಿದ್ರು, ಮಗು ತೂಕ ನೋಡಿದ್ರು, ಕಳಿಸಿದ್ರು.

ಈಗ ನಾನು ಪ್ರತಿ ಬಾಣಂತಿಗೂ ಮೊದಲ ಸೆಷನ್ನಲ್ಲೇ ಹೀಗೆ ಕೇಳ್ತೀನಿ: "ತುಂಬಾ ತಾಯಂದಿರಿಗೆ ಮಗುಗೆ ತಾನೇ ಏನೋ ಮಾಡ್ಬಿಟ್ಟ ಹಾಗೆ ಯೋಚನೆ, ಚಿತ್ರ ಬರತ್ತೆ, ಅವರಿಗದು ಬೇಡವೇ ಬೇಡ. ನಿಮಗೂ ಬಂದಿದ್ಯಾ?" ತುಂಬಾ ತಾಯಂದಿರಿಗೆ ಅನ್ನೋದು ಮೊದಲು ಬರ್ಬೇಕು, ಇಲ್ದಿದ್ರೆ ಯಾರೂ ಹೌದು ಅನ್ನಲ್ಲ. ಇಂಥ ಪ್ರಶ್ನೆ ಕೇಳಿ ಇಲ್ಲದ್ದನ್ನ ತಲೆಗೆ ತುಂಬ್ತೀರಾ ಅಂತ ಅಂದವರೂ ಇದ್ದಾರೆ. ಕೇಳಿದ್ರಿಂದ ಯಾರಿಗೂ ಶುರುವಾಗಿದ್ದು ನಾನು ನೋಡಿಲ್ಲ, ಕೇಳಿದ ತಕ್ಷಣ ಉಸಿರು ಬಿಟ್ಟವರನ್ನ ನೋಡಿದ್ದೀನಿ.

ಮಗುಗೀಗ ಐದು ತಿಂಗಳು. ಸ್ನಾನ ಆಕೆಯೇ ಮಾಡಿಸ್ತಾರೆ, ಯೋಚನೆ ಇನ್ನೂ ಆಗಾಗ ಬರತ್ತಂತೆ, "ಬಂತು, ಇರ್ಲಿ ಅಂತೀನಿ, ಸೋಪು ಹಚ್ತೀನಿ" ಅಂದ್ರು. ಚಾಕು ಕೆಳಗಿಳಿದಿದೆ. ಮೆಟ್ಟಿಲು ಆಗಿಲ್ಲ ಇನ್ನೂ, ನಾಲ್ಕು ಮೆಟ್ಟಿಲವರೆಗೆ ಬಂದಿದ್ದಾರೆ.